ಹೋದ ವರ್ಷದ ಗಾಳಿ

ಗಾಳಿಯ ಮೇಲಿನ ಅಧಿಕಾರ ದೇವರೊಬ್ಬನದೇ ಎಂದು ಗುರುಗುಂಟಾದ ಜನ ತಲೆತಲಾಂತರದಿಂದ ನಂಬಿಕೊಂಡು ಬಂದಿದ್ದರು. ಸಾವಿರದ ಒಂಬೈನೂರ ತೊಂಬತ್ತೆರಡನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಈ ನಂಬಿಕೆಗೆ ಸಣ್ಣದೊಂದು ತಿದ್ದುಪಡಿಯಾಯಿತು. ಆ ಅಧಿಕಾರದಲ್ಲಿ ಒಂದು ಪಾಲು, ಭಾನುವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಲಿಂಗಸುಗೂರಿನ ಪಾಲಿಟೆಕ್ನಿಕ್ಕಿನಲ್ಲಿ ಅಟೆಂಡರ್ ಆಗಿದ್ದ ಗದ್ದೆಪ್ಪನ ಕೈಗೆ ಬಂದಿದೆ ಎಂದು ಸುದ್ದಿಯಾಯಿತು.

ಸುದ್ದಿ ಹುಟ್ಟಿಸಿದವನು ಗದ್ದೆಪ್ಪನೇ. ಆದರೆ ಅವನು ಸುಳ್ಳು ಹೇಳಿದನೆಂದರೆ ನಮಗೆ ಪಾಪ ಬಂದೀತು. ಅವನು ಹೇಳಿದ್ದೆಲ್ಲ ನಿಜವೇ. ಕೇಳಿದವರಿಗೆ ಅದು ಬೇರೆ ನಿಜವಾಗಿ ಕೇಳಿಸಿತು, ಅಷ್ಟೇ.

ಆ ಪಾಲಿಟೆಕ್ನಿಕ್ಕಿನಲ್ಲಿ ವೆಂಕೋಬ ಎಂಬ ಎಲೆಕ್ಟ್ರಿಕಲ್ ಮೇಷ್ಟ್ರು ಇದ್ದರು. ಗಾಳಿಯಿಂದ ಕರೆಂಟು ತೆಗೆಯುವ ರೆಕ್ಕೆಯ ಯಂತ್ರಗಳೆಂದರೆ ಅವರಿಗೆ ಊಟ ನಿದ್ದೆ ಬೇಡ. ಅಂಥ ಯಂತ್ರವನ್ನು ತಂದು ಗುಡ್ಡದ ಮೇಲೆ ನಿಲ್ಲಿಸುವ ಶಕ್ತಿ ಕಾಲೇಜಿಗಿರಲಿಲ್ಲ. ಆದ್ದರಿಂದ ಮೇಷ್ಟ್ರು ಒಂದು ಉಪಾಯ ಮಾಡಿದರು. ರೆಕ್ಕೆಯ ಬದಲು ಒಂದು ಹಳೆಯ ಮೋಟಾರು ತಂದು, ಮಸ್ಕಿಯಲ್ಲಿ ತಂತಿ ಸುತ್ತಿಸಿ, ಲ್ಯಾಬಿನಲ್ಲಿ ಕೂರಿಸಿದರು. ಗಾಳಿ ರೆಕ್ಕೆಯನ್ನು ಹೇಗೆ ತಿರುಗಿಸುತ್ತದೋ ಹಾಗೆಯೇ ಈ ಮೋಟಾರು ತಿರುಗಬೇಕು. ಗಾಳಿ ಏರಿದರೆ ಏರಬೇಕು, ಇಳಿದರೆ ಇಳಿಯಬೇಕು. ಮೋಟಾರಿಗೆ ಒಂದು ಜನರೇಟರ್ ಕಟ್ಟಿ, ಜನರೇಟರಿಗೆ ಆರು ಬಲ್ಬು ಹಚ್ಚಿದರು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕುಳಿತು ಗಾಳಿಯಂತ್ರದ ಪರೀಕ್ಷೆ ನಡೆಸುವ ವಿದ್ಯೆ ಇದು.

ಮೊದಲ ದಿನವೇ ಮೇಷ್ಟ್ರು ಹೇಳಿದರು: "ಗದ್ದೆಪ್ಪ, ಇನ್ನ ಮ್ಯಾಲೆ ಇದನ್ನ ಮೋಟಾರು ಅನ್ನಬ್ಯಾಡ. ಇದನ್ನ ಗಾಳಿ ಅಂತ ತಿಳಕೋ."

ಗದ್ದೆಪ್ಪ ವಿಧೇಯ ಮನುಷ್ಯ. ಹಾಗೆಯೇ ತಿಳಿದುಕೊಂಡ. ಗೋಡೆಯ ಪಕ್ಕದಲ್ಲಿದ್ದ ಹಿಡಿಕೆಯನ್ನು ಹಿಂದೆ ಮುಂದೆ ಸರಿಸುವುದು ಅವನ ಕೆಲಸ. ಮೇಷ್ಟ್ರು "ಆರು" ಎಂದರೆ ಮೀಟರಿನ ಮುಳ್ಳು ಆರರ ಗೆರೆಗೆ ಬರುವಷ್ಟು ಸರಿಸಬೇಕು, "ಒಂಬತ್ತು" ಎಂದರೆ ಒಂಬತ್ತಕ್ಕೆ. ಸಂಜೆ ಐದಕ್ಕೆ ಸ್ವಿಚ್ ಆರಿಸಿ, ಮೋಟಾರಿನ ಮೇಲೆ ಗೋಣಿಚೀಲ ಹೊದಿಸಿ, ಕೈಮುಗಿದು ಮನೆಗೆ ಹೋಗುತ್ತಿದ್ದ. ವಾಯುದೇವರಿಗೆ ಗೋಣಿಚೀಲ ಹೊದಿಸಿದವರು ನಮ್ಮ ಸೀಮೆಯಲ್ಲಿ ಅವನಿಗಿಂತ ಮೊದಲು ಯಾರೂ ಇರಲಿಕ್ಕಿಲ್ಲ.

ಗಾಳಿ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದು ಮೇಷ್ಟ್ರಿಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಬಹುದು. ಅದಕ್ಕೆ ಹಿಂದಿನ ವರ್ಷವೇ ವ್ಯವಸ್ಥೆಯಾಗಿತ್ತು. ಗುರುಗುಂಟಾದಲ್ಲಿ ಗದ್ದೆಪ್ಪನ ಮಾವ ಬಾಲಪ್ಪನ ಕಣದ ಅಂಚಿಗೆ ಮೇಷ್ಟ್ರು ಒಂದು ಕಂಬ ನೆಡಿಸಿದ್ದರು. ಕಂಬದ ತುದಿಯಲ್ಲಿ ಗಾಳಿಗೆ ತಿರುಗುವ ಮೂರು ಬಟ್ಟಲು. ಬುಡದಲ್ಲಿ ಕೀಲಿ ಕೊಡುವ ಗಡಿಯಾರದ ಡಬ್ಬಿ. ಡಬ್ಬಿಯೊಳಗೆ ಕಾಗದ ತಿರುಗುತ್ತಿತ್ತು, ಅದರ ಮೇಲೆ ಒಂದು ಮುಳ್ಳು ಮಸಿಯ ಗೆರೆ ಎಳೆಯುತ್ತಿತ್ತು. ಗಾಳಿ ಬಂದರೆ ಗೆರೆ ಮೇಲೆ, ಹೋದರೆ ಕೆಳಗೆ. ದಿನಕ್ಕೊಂದು ಕಾಗದ. ಅದನ್ನು ಬದಲಿಸಿ ಕೀಲಿ ಕೊಡುವ ಕೆಲಸವನ್ನು ಗದ್ದೆಪ್ಪನ ಅತ್ತೆ ಮುದುಕಮ್ಮ ವಹಿಸಿಕೊಂಡಿದ್ದಳು. ಬೆಳಿಗ್ಗೆ ಹೊಸ್ತಿಲಿಗೆ ಅರಿಷಿಣ ಹಚ್ಚಿ, ಅದೇ ಕೈಯಲ್ಲಿ ಕಣಕ್ಕೆ ಹೋಗಿ ಕಾಗದ ಬದಲಿಸುತ್ತಿದ್ದಳು. ಹೀಗಾಗಿ ಪ್ರತಿಯೊಂದು ಕಾಗದದ ಮೂಲೆಯಲ್ಲೂ ಹಳದಿಯ ಹೆಬ್ಬೆರಳ ಗುರುತು. "ವಿಜ್ಞಾನದ ಕಾಗದಕ್ಕ ಅರಿಷಿಣ ಯಾಕ್ರಿ ತಾಯಿ?" ಎಂದು ಮೇಷ್ಟ್ರು ಒಂದೆರಡು ಸಲ ಗೊಣಗಿದರು. "ಗಾಳಿನೂ ದೇವರೇ ಅಲ್ರಿ" ಎಂದಳು ಮುದುಕಮ್ಮ. ಮೇಷ್ಟ್ರು ಕಾಗದವನ್ನು ಹಾಗೆಯೇ ಕಟ್ಟಿಗೆ ಸೇರಿಸಿಕೊಂಡರು.

ಆ ಶ್ರಾವಣದಲ್ಲಿ ಮೂರು ದಿನದ ಜ್ವರದಲ್ಲಿ ಮುದುಕಮ್ಮ ತೀರಿಕೊಂಡಳು. ಕಂಬ ಅಲ್ಲೇ ಉಳಿಯಿತು; ಡಬ್ಬಿಯನ್ನು ಮೇಷ್ಟ್ರು ತರಿಸಿಕೊಂಡರು.

ಇನ್ನು ಸುದ್ದಿ ಹುಟ್ಟಿದ ಬಗೆ. ಬಾಲಪ್ಪನಿಗೆ ಇಬ್ಬರು ಅಳಿಯಂದಿರು. ಹಿರಿಯ ಅಳಿಯ ಬಸ್ಸಪ್ಪ ಹಟ್ಟಿಯ ಚಿನ್ನದ ಗಣಿಯವನು. ಅವನು ಬಂದರೆ ಮಂಚ, ಗದ್ದೆಪ್ಪ ಬಂದರೆ ಚಾಪೆ. ಶಿವರಾತ್ರಿಯ ಮರುದಿನ ಇಬ್ಬರೂ ಊಟಕ್ಕೆ ಕುಳಿತಿದ್ದಾಗ ಬಸ್ಸಪ್ಪ ಎಂದಿನಂತೆ ಭೂಗರ್ಭಕ್ಕೆ ಇಳಿದ.

"ಮೂರು ಸಾವಿರ ಫೂಟು ಕೆಳಗ ಹೋಗತೀವಿ ಮಾಮ. ಅಲ್ಲಿ ಉಸಿರಾಡಾಕ ಸುದ್ದಾ ಮ್ಯಾಲಿಂದ ಗಾಳಿ ಕಳಸಬೇಕು." ಹೀಗೆಂದು ಗದ್ದೆಪ್ಪನ ಕಡೆ ತಿರುಗಿದ. "ನಿಂದೇನಪ? ಇನ್ನಾ ಬೆಂಚು ಒರಸಾಕತ್ತಿಯೇನು?"

ಗದ್ದೆಪ್ಪ ತುತ್ತು ನುಂಗಿದ. "ಈಗ ಗಾಳಿ ನೋಡಿಕೊಳ್ಳಾಕತ್ತೀನಿ" ಎಂದ.

"ಅಂದ್ರ?"

"ಅಂದ್ರೇನು, ಮುಂಜಾನೆ ಹತ್ತಕ್ಕ ಗಾಳಿ ಚಾಲೂ ಮಾಡತೀನಿ, ಸಂಜಿ ಐದಕ್ಕ ಬಂದ್ ಮಾಡತೀನಿ. ಸಾಹೇಬ್ರು ಆರು ಅಂದ್ರ ಆರು, ಒಂಬತ್ತು ಅಂದ್ರ ಒಂಬತ್ತು. ಮೊನ್ನೆ ಹನ್ನೆರಡಕ್ಕ ಒಯ್ದೆ. ಬಲ್ಬು ಸುಟ್ಟು ಹೋದುವು."

ಬಾಲಪ್ಪ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ. ಗದ್ದೆಪ್ಪನ ಹೆಂಡತಿ ಕರೆಮ್ಮ ತುಪ್ಪದ ಬಟ್ಟಲು ತಂದು ಅಕ್ಕನ ಗಂಡನ ತಾಟು ದಾಟಿ, ತನ್ನ ಗಂಡನ ತಾಟಿಗೆ ಎರಡನೆಯ ಸಲ ಹಾಕಿದಳು. ಗದ್ದೆಪ್ಪನ ಸಂಸಾರದಲ್ಲಿ ಅದೊಂದು ದೊಡ್ಡ ದಿನ. ಆ ತುಪ್ಪವೇ ಮುಂದಿನ ಎಲ್ಲಕ್ಕೂ ಮೂಲ.

ಮೂರು ವಾರ ಕಳೆದವು. ಬಾಲಪ್ಪನ ಜೋಳ ತುಳಿಸಿ ಕಣದಲ್ಲಿ ರಾಶಿಯಾಗಿ ಬಿದ್ದಿತ್ತು. ಮೊರದಲ್ಲಿ ಎತ್ತಿ ಎತ್ತರದಿಂದ ಸುರಿದರೆ ಗಾಳಿಗೆ ಹೊಟ್ಟು ಹಾರಿ ಕಾಳು ಕೆಳಗೆ ಬೀಳಬೇಕು. ಆದರೆ ಗಾಳಿಯೇ ಇಲ್ಲ. ಒಂಬತ್ತು ದಿನವಾಯಿತು, ಬೇವಿನ ಗಿಡದ ಒಂದು ಎಲೆ ಅಲುಗಲಿಲ್ಲ. ಸಂಜೆಯಾದರೆ ಮೂಡಲ ದಿಕ್ಕಿಗೆ ಕರಿಮೋಡ ಬೇರೆ. ಒಂದು ಮಳೆ ಬಿದ್ದರೆ ಜೋಳ ಕಪ್ಪಾಗುತ್ತದೆ, ವರ್ಷದ ದುಡಿಮೆ ದನಕ್ಕೆ.

ಬಾಲಪ್ಪನಿಗೆ ಅದಕ್ಕಿಂತ ದೊಡ್ಡ ಕೊರಗಿತ್ತು. ಮೂವತ್ತೆರಡು ವರ್ಷ ಅವನು ಮಣೆಯ ಮೇಲೆ ನಿಂತು ತೂರಿದ್ದ, ಮುದುಕಮ್ಮ ಕೆಳಗೆ ನಿಂತು ಮೊರ ಎತ್ತಿಕೊಟ್ಟಿದ್ದಳು. ಸೆರಗಿನ ತುದಿ ಎತ್ತಿಹಿಡಿದು "ಬಂತು ನೋಡ್ರಿ" ಎಂದು ಗಾಳಿಯನ್ನು ಮೊದಲು ಕಾಣುತ್ತಿದ್ದವಳು ಅವಳೇ.

"ಆಕಿ ಹೋದ್ಲು, ಗಾಳಿನೂ ಆಕಿ ಹಿಂದ ಹೋತು" ಎಂದ ಬಾಲಪ್ಪ. "ಈ ರಾಶಿ ಹಾಳಾತಂದ್ರ ನನಗಿನ್ನ ಒಕ್ಕಲುತನ ಸಾಕು. ಹೊಲ ಪಾಲಿಗೆ ಹಾಕಿಬಿಡತೀನಿ."

ಅವನ ಅಕ್ಕ ಯಮನೂರಮ್ಮ ಎಪ್ಪತ್ತರ ಮುದುಕಿ. ಮಾತಿಗೆ ಮುಪ್ಪು ಬಂದಿರಲಿಲ್ಲ. "ಸಿಂಧನೂರಿಂದ ಫ್ಯಾನಿನ ಮಷೀನ್ ತರಸೋ" ಎಂದಳು.

"ಬ್ಯಾಡ. ಆಕಿ ಮೊರ ಎತ್ತಿಕೊಟ್ಟ ಕಣಕ್ಕ ಡೀಸೆಲ್ ಹೊಗಿ ಬ್ಯಾಡ."

"ಹಂಗಾರ ಲಿಂಗಸುಗೂರಾಗ ಗಾಳಿ ಕೈಯಾಗ ಇಟಗೊಂಡ ಅಳಿಯ ಕುಂತಾನಲ್ಲ! ಅದು ಹೊರಗಿನ ಗಾಳಿ ಏನಲ್ಲ, ಮನಿ ಗಾಳಿ. ಮಗಳಿಗೆ ಕೊಟ್ಟ ಬಂಗಾರ ಕೇಳಾಕತ್ತೀಯೇನು? ಎರಡು ತಾಸು ಗಾಳಿ!"

ಹೀಗೆ ಸೋಮವಾರ ಬೆಳಿಗ್ಗೆ ಜಂಗ್ಲಿಸಾಬನ ಟ್ರ್ಯಾಕ್ಟರು ಅರ್ಧ ರಾಶಿ ಜೋಳ, ನಾಲ್ಕು ಮೊರ, ತೂರುವ ಮಣೆ, ಬಾಲಪ್ಪ, ಯಮನೂರಮ್ಮ ಇಷ್ಟನ್ನೂ ಹೇರಿಕೊಂಡು ಪಾಲಿಟೆಕ್ನಿಕ್ಕಿನ ಗೇಟಿಗೆ ಬಂದು ನಿಂತಿತು. ಗೇಟಿನ ಮುಂದೆ ಚಹಾದಂಗಡಿ ಇಟ್ಟಿದ್ದ ಉಸ್ಮಾನ್‌ಸಾಬ್ ಮೊದಲು ನೋಡಿದವನು.

"ಎಲ್ಲಿಗ್ರಿ ಬಾಬಾ?"

"ಗಾಳಿ ಖಾತೆ ಎಲ್ಲೈತಪ?" ಎಂದ ಬಾಲಪ್ಪ.

"ಗದ್ದೆಪ್ಪಂದಾ? ಸೀದಾ ಹೋಗಿ ಎಡಕ್ಕ. ಗುಂಯ್ ಅಂತ ಸಪ್ಪಳ ಬರತೈತಿ ನೋಡ್ರಿ, ಅದೇ ಗಾಳಿ. ನಾನೂ ಹೇಳಾಕತ್ತೀನಿ ಅವಗ, ಒಲಿ ಊದಾಕ ಈ ಕಡೆ ಒಂದೀಟು ಕಳಸೋ ಅಂತ. ಸುಮ್ನ ನಗತಾನ."

ವಿಧಿಯ ಆಟ ನೋಡಿ: ಅದೇ ದಿನ ಕಾಲೇಜಿನ ತಪಾಸಣೆಗೆ ಬೆಂಗಳೂರಿನಿಂದ ಒಬ್ಬ ಸಾಹೇಬರು ಬಂದಿದ್ದರು. ಪ್ರಿನ್ಸಿಪಾಲರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅವರನ್ನು ಲ್ಯಾಬಿನ ಬಾಗಿಲಿಗೆ ಕರೆತರುವುದಕ್ಕೂ, ಎದುರಿನಿಂದ ಯಮನೂರಮ್ಮ ತಲೆಯ ಮೇಲೆ ಜೋಳದ ಮೊರ ಹೊತ್ತು ಬರುವುದಕ್ಕೂ ಸರಿಹೋಯಿತು.

"ಇವರು ಯಾರು?" ಎಂದರು ಸಾಹೇಬರು.

ಪ್ರಿನ್ಸಿಪಾಲರಿಗೂ ಗೊತ್ತಿರಲಿಲ್ಲ. ಆದರೆ ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರು ಒಂದು ವಿಷಯ ಕಲಿತಿದ್ದರು. ತಪಾಸಣೆಯ ದಿನ ಗೊತ್ತಿಲ್ಲ ಎನ್ನಬಾರದು. "ರೈತರು ಸಾರ್. ನಮ್ಮ ಸಂಶೋಧನೆಯನ್ನು ರೈತರಿಗೆ ಮುಟ್ಟಿಸುವ ಕಾರ್ಯಕ್ರಮ" ಎಂದು ಬೆವರು ಒರೆಸಿಕೊಂಡರು.

ಒಳಗೆ ವೆಂಕೋಬ ಮೇಷ್ಟ್ರು ಕಾಗದ ಹರವಿಕೊಂಡು ಸಿದ್ಧರಾಗಿದ್ದರು. ಗದ್ದೆಪ್ಪ ಹಿಡಿಕೆಯ ಮೇಲೆ ಕೈಯಿಟ್ಟಿದ್ದ. ಬಾಗಿಲಲ್ಲಿ ಮಾವನನ್ನು ಕಂಡ ಕೂಡಲೇ ಕೈ ಜಾರಿ ಹಿಡಿಕೆ ನಾಲ್ಕರಿಂದ ಎಂಟಕ್ಕೆ ಹೋಯಿತು. ಮೋಟಾರು ಗುಂಯ್ಯೆಂದಿತು. ಆರೂ ಬಲ್ಬು ಫಳ್ಳನೆ ಹತ್ತಿದವು.

"ಚಾಲೂ ಮಾಡ್ಯಾನ!" ಎಂದಳು ಯಮನೂರಮ್ಮ. ಯಾರೂ ತಡೆಯುವ ಮೊದಲೇ ಬೆಂಚಿನ ಪಕ್ಕದ ಸ್ಟೂಲ್ ಹತ್ತಿ, "ಹನುಮಪ್ಪಾ, ನಿಮ್ಮಪ್ಪನ್ನ ಕಳಸೋ" ಎಂದು ಮೊರ ಎತ್ತಿ ಸುರಿದಳು.

ಕಾಳು ನೆಟ್ಟಗೆ ಕೆಳಗೆ ಬಿತ್ತು. ಹೊಟ್ಟೂ ನೆಟ್ಟಗೆ ಕೆಳಗೆ ಬಿತ್ತು. ಎರಡೂ ಕೂಡಿ ಪ್ರಿನ್ಸಿಪಾಲರ ಬೂಟಿನ ಮೇಲೆ ಬಿದ್ದವು.

"ಎಲ್ಲೈತೋ ಗಾಳಿ?"

"ಓಡಾಕತ್ತೈತಲ್ಲ ಅತ್ತಿ" ಎಂದ ಗದ್ದೆಪ್ಪ ಕ್ಷೀಣವಾದ ದನಿಯಲ್ಲಿ. "ಬಲ್ಬು ನೋಡ್ರಿ. ಎಂಟು ಗಾಳಿ ಐತಿ."

"ಬಲ್ಬಿನಾಗ ತೂರಲೇನೋ, ಭಾಡ್ಯಾ? ನನ್ನ ಸೆರಗು ಸುದ್ದಾ ಅಳ್ಳಾಡವಲ್ದು!"

"ಕಿಟಕಿ ತಗದ್ರ ಬರತೈತೇನೋ" ಎಂದ ಹಿಂದಿನಿಂದ ಜಂಗ್ಲಿಸಾಬ್. ಒಬ್ಬ ವಿದ್ಯಾರ್ಥಿ ಕಿಟಕಿ ತೆಗೆದ. ಹೊರಗಿನ ಬಿಸಿಲು ಒಳಗೆ ಬಂತು, ಗಾಳಿ ಬರಲಿಲ್ಲ.

ಆಗ ವೆಂಕೋಬ ಮೇಷ್ಟ್ರು ಕನ್ನಡಕ ತೆಗೆದು ಬಾಲಪ್ಪನ ಮುಂದೆ ಬಂದು ನಿಂತರು. "ಯಜಮಾನರೆ, ದೊಡ್ಡಾಟ ನೋಡೀರಿಲ್ಲೋ? ಅದರಾಗ ನಿಮ್ಮೂರವನೇ ಒಬ್ಬ ಕಿರೀಟ ಕಟಗೊಂಡು ಭೀಮ ಆಗತಾನ. ಭೀಮ ಹೆಂಗ ನಡೀತಾನೋ ಹಂಗೇ ನಡೀತಾನ, ಹೆಂಗ ಗುಡಗತಾನೋ ಹಂಗೇ ಗುಡಗತಾನ. ಆದ್ರ ಅವ ಭೀಮ ಅಲ್ಲ. ಇದೂ ಹಂಗೇ. ಮೋಟಾರು ಗಾಳಿ ವೇಷ ಹಾಕೈತಿ. ಇದರಾಗ ಗಾಳಿ ನಡಿಗಿ ಐತಿ, ಗಾಳಿ ಇಲ್ಲ."

ಬಾಲಪ್ಪ ಅಳಿಯನ ಮುಖ ನೋಡಿದ. "ಖರೇನೇನು ಗದ್ದೆಪ್ಪ? ಗಾಳಿ ಇಲ್ಲ?"

ಗದ್ದೆಪ್ಪನಿಗೆ ಆ ಎರಡನೆಯ ಸಲದ ತುಪ್ಪ ನೆನಪಾಯಿತು. "ಇಲ್ಲ ಮಾಮ" ಎಂದ.

ಬಾಲಪ್ಪ ಬೈಯಲಿಲ್ಲ. ಬೈದಿದ್ದರೆ ಗದ್ದೆಪ್ಪನಿಗೆ ಹಗುರಾಗುತ್ತಿತ್ತು. "ನಡ್ರಿ ಹೋಗೂಣು" ಎಂದನಷ್ಟೇ. "ಜಂಗ್ಲಿಸಾಬ, ಹಾದ್ಯಾಗ ಸೂಗಪ್ಪನ ಮನಿ ಮುಂದ ನಿಂದರಸು. ಹೊಲ ಪಾಲಿಗೆ ಕೇಳಿದ್ದ. ಇವತ್ತೇ ಮಾತು ಕೊಟ್ಟುಬಿಡತೀನಿ."

ಹೋಗಲು ತಿರುಗಿದವನ ಕಣ್ಣಿಗೆ ಮೇಜಿನ ಮೇಲಿನ ಕಾಗದಗಳು ಬಿದ್ದವು. ಅವನು ನಿಂತ. ಒಂದನ್ನು ಎತ್ತಿಕೊಂಡ. ಮೂಲೆಯಲ್ಲಿದ್ದ ಹಳದಿ ಗುರುತಿನ ಪಕ್ಕದಲ್ಲಿ ತನ್ನ ಹೆಬ್ಬೆರಳು ಇಟ್ಟು ನೋಡಿದ. ಗುರುತು ಅವನ ಬೆರಳಿಗಿಂತ ಚಿಕ್ಕದಿತ್ತು.

"ಇದು ಆಕಿದು" ಎಂದ.

"ಹೌದು" ಎಂದರು ಮೇಷ್ಟ್ರು. "ಹೋದ ವರ್ಷ ನಿಮ್ಮ ಕಣದಾಗ ಬೀಸಿದ ಗಾಳಿ. ಮಸಿ ಗೆರಿ ಗಾಳೀದು. ಅರಿಷಿಣ ನಿಮ್ಮ ಮನಿಯವರದು."

"ನೀವು ಮೋಟಾರಿಗೆ ಓದಿ ಹೇಳೋದು ಇದನ್ನೇನ್ರಿ?"

"ಇದನ್ನೇ."

"ಹಂಗಾರ ಹೋದ ವರ್ಷ ನಾವು ರಾಶಿ ತೂರಿದ ದಿನದ್ದು ಒಂದೀಟು ಚಾಲೂ ಮಾಡ್ರಲ್ಲ. ಗಾಳಿ ಬರೋದು ಬ್ಯಾಡ. ನೋಡತೀನಿ."

ಮೇಷ್ಟ್ರು ಸಾಹೇಬರ ಮುಖ ನೋಡಿದರು. ಸಾಹೇಬರು ಕುರ್ಚಿ ಎಳೆದುಕೊಂಡು ಕುಳಿತರು. ಮೇಷ್ಟ್ರು ಮಾರ್ಚ್ ತಿಂಗಳ ಕಟ್ಟು ಬಿಚ್ಚಿದರು. "ಇದರಾಗ ಏನಿಲ್ಲ... ಇದರಾಗೂ ಇಲ್ಲ... ಇದೂ ಖಾಲಿ..." ಎನ್ನುತ್ತ ಒಂದೊಂದೇ ಕಾಗದ ಪಕ್ಕಕ್ಕಿಟ್ಟರು.

"ಖಾಲಿ ಅಂದ್ರೇನ್ರಿ? ಗೆರಿ ಐತಲ್ಲ."

"ಗೆರಿ ತಳದಾಗೇ ಹೋಗೇತಿ ನೋಡ್ರಿ, ನೆಲಕ್ಕ ಎಳದಂಗ. ಅವತ್ತು ಗಾಳಿ ಇಲ್ಲ ಅಂತ ಅರ್ಥ."

"ಅಂಥವು ಎಷ್ಟು ಅದಾವು?"

ಗದ್ದೆಪ್ಪ ಎಣಿಸಿದ. ನಂಬಿಕೆ ಬರದೆ ಇನ್ನೊಮ್ಮೆ ಎಣಿಸಿದ. "ಹನ್ನೊಂದು ಮಾಮ. ಒಂದರ ಬೆನ್ನಿಗೆ ಒಂದು."

"ಹೋದ ವರ್ಷ ಹನ್ನೊಂದು ದಿನ ಗಾಳಿ ಇದ್ದಿಲ್ಲೇನು?" ಬಾಲಪ್ಪ ಅಕ್ಕನ ಕಡೆ ತಿರುಗಿದ. "ನಾ ಹನ್ನೊಂದು ದಿನ ಕಾದಿದ್ನೇನಕ್ಕಾ?"

"ಕಾಯಲಿಲ್ಲಂದ್ರ ಏನು ಮಾಡಿದ್ದಿ? ಹನ್ನೊಂದೂ ದಿನ ಕಣದಾಗ ಕುಂತು ಆಕಿ ಕೂಡ ಜಗಳಾಡಿದ್ದಿ. ಕರೆಮ್ಮಗ ಮೂಗುತಿ ಮಾಡಸಬೇಕು ಅಂತ ಆಕಿ, ಎತ್ತು ತರಬೇಕು ಅಂತ ನೀನು. ಊರೆಲ್ಲ ಕೇಳೇತಿ."

ಬಾಲಪ್ಪ ಹನ್ನೊಂದೂ ಕಾಗದಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. "ನನಗ ಎರಡೇ ದಿನ ಅಂತ ನೆನಪೈತಿ" ಎಂದ.

ಮೋಟಾರು ತನ್ನಷ್ಟಕ್ಕೆ ಗುಂಯ್ಯೆನ್ನುತ್ತಿತ್ತು. ಪ್ರಿನ್ಸಿಪಾಲರು ಬೂಟು ಒರೆಸುವುದನ್ನು ನಿಲ್ಲಿಸಿದರು.

ಹನ್ನೆರಡನೆಯ ಕಾಗದದಲ್ಲಿ ಗೆರೆ ಎದ್ದಿತ್ತು. "ಸಂಜಿ ನಾಲ್ಕಕ್ಕ" ಎಂದರು ಮೇಷ್ಟ್ರು. "ಗದ್ದೆಪ್ಪ, ಹಿಡಿ. ಎರಡು... ಮೂರು... ಐದು..." ಗದ್ದೆಪ್ಪ ಹಿಡಿಕೆ ಸರಿಸಿದ. ಬಲ್ಬುಗಳು ಮೊದಲು ಕೆಂಡದ ಹಾಗೆ ಕೆಂಪಾದವು, ಆಮೇಲೆ ಹಳದಿ, ಆಮೇಲೆ ಬಿಳಿ. "ಏಳು... ಏಳು... ಮೂರು..." ಬೆಳಕು ಇಳಿಯಿತು.

"ಇಲ್ಲಿ ಆಕಿ ನೀರು ಕುಡಿಯಾಕ ಹೋಗಿದ್ಲು" ಎಂದ ಬಾಲಪ್ಪ.

"ಆರು... ಎಂಟು..."

"ಬಂದ್ಲು."

ಗದ್ದೆಪ್ಪ ಎರಡೂ ಕೈಯಲ್ಲಿ ಹಿಡಿಕೆ ಹಿಡಿದುಕೊಂಡ. ಹತ್ತು ನಿಮಿಷದಲ್ಲಿ ಒಂದು ಸಂಜೆ ಮುಗಿಯಿತು. ಬಾಲಪ್ಪ ಮೋಟಾರಿಗೆ ಕೈಮುಗಿದ. "ಚಲೋ ವೇಷ ಕಟ್ಟೀರಿ" ಎಂದ ಮೇಷ್ಟ್ರಿಗೆ. ಆಮೇಲೆ ಜಂಗ್ಲಿಸಾಬನಿಗೆ, "ಸೂಗಪ್ಪನ ಮನಿ ಮುಂದ ನಿಂದರಸಬ್ಯಾಡ. ಸೀದಾ ಕಣಕ್ಕ ನಡಿ. ಇವತ್ತಿಗೆ ಹತ್ತು ದಿನ ಆತು. ಇನ್ನೊಂದು ಎರಡು ದಿನ ಕಾಯಾಕೇನು?"

ಸಾಹೇಬರು ತಮ್ಮ ವರದಿಯಲ್ಲಿ, ಈ ಸಂಸ್ಥೆಯ ಪ್ರಯೋಗಾಲಯ ಗ್ರಾಮೀಣ ಜನರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತಿರುವುದನ್ನು ಕಣ್ಣಾರೆ ಕಂಡೆ ಎಂದು ಬರೆದರು. ಪ್ರಿನ್ಸಿಪಾಲರು ಲ್ಯಾಬಿನಲ್ಲಿ ಬಿದ್ದಿದ್ದ ಜೋಳವನ್ನು ಗುಡಿಸಲು ಮೂರು ದಿನ ಬಿಡಲಿಲ್ಲ. ಇನ್ನೊಬ್ಬ ಸಾಹೇಬರು ಬಂದರೆ ತೋರಿಸಲು ಬೇಕಾದೀತೆಂದು.

ಬುಧವಾರ ಸಂಜೆ ನಾಲ್ಕಕ್ಕಲ್ಲ, ನಾಲ್ಕೂವರೆಗೆ ಗುರುಗುಂಟಾದಲ್ಲಿ ಬೇವಿನ ಎಲೆ ಅಲುಗಿತು. ಯಮನೂರಮ್ಮ ಸೆರಗಿನ ತುದಿ ಎತ್ತಿಹಿಡಿದಳು. ಬಾಲಪ್ಪ ಮಣೆ ಹತ್ತಿದ, ಕರೆಮ್ಮ ಮೊರ ಎತ್ತಿಕೊಟ್ಟಳು. ಕತ್ತಲಾಗುವುದರೊಳಗೆ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ. ಮಳೆ ಬಂದದ್ದು ಶುಕ್ರವಾರ. ಅಷ್ಟರಲ್ಲಿ ಜೋಳ ಮನೆಯೊಳಗಿತ್ತು.

ಊರಿನವರಿಗೆ ಈ ವಿಜ್ಞಾನದ ಗೊಡವೆ ಬೇಕಾಗಿರಲಿಲ್ಲ. ಸೋಮವಾರ ಹೋಗಿ ಹೇಳಿಬಂದರು, ಬುಧವಾರ ಗಾಳಿ ಬಂತು. ಸರಕಾರಿ ಕೆಲಸಕ್ಕಿಂತ ಬೇಗನೇ ಆಯಿತು. ಬಸ್ಸಪ್ಪ ಮುಂದಿನ ಸಲ ಬಂದಾಗ ಮಂಚದ ಮೇಲೆ ಗದ್ದೆಪ್ಪನೂ ಕುಳಿತಿದ್ದ. ಬಾಲಪ್ಪನಿಗೆ ಎಲ್ಲ ಗೊತ್ತಿತ್ತು, ಆದರೆ ಅವನು ಯಾರನ್ನೂ ತಿದ್ದಲಿಲ್ಲ.

ತೊಂದರೆ ಬಂದದ್ದು ಆಷಾಢದಲ್ಲಿ. ಜಂಗ್ಲಿಸಾಬ್ ಸಿಟ್ಟಿನಿಂದ ಕಾಲೇಜಿಗೆ ಬಂದ. "ಏನೋ ಗದ್ದೆಪ್ಪ, ನಿನ್ನ ಗಾಳಿಗೆ ನನ್ನ ಶೆಡ್ಡಿನ ಆರು ತಗಡು ಹಾರಿ ಹೋದುವು! ಸಾಕು, ಇನ್ನ ಬಂದ್ ಮಾಡೋ!"

"ಎಷ್ಟೊತ್ತಿಗೆ ಹಾರಿದುವು?" ಎಂದ ಗದ್ದೆಪ್ಪ ಗಂಭೀರವಾಗಿ.

"ಸಂಜಿ ಏಳಕ್ಕ."

"ಹಂಗಾರ ಅದು ನನ್ನ ಗಾಳಿ ಅಲ್ಲರಿ. ನಾ ಐದಕ್ಕೇ ಬಂದ್ ಮಾಡಿ ಗೋಣಿಚೀಲ ಹೊಚ್ಚೀನಿ."

ಬಾಲಪ್ಪನ ಕೋರಿಕೆಯಂತೆ ಮೇಷ್ಟ್ರು ಡಬ್ಬಿಯನ್ನು ಮತ್ತೆ ಕಂಬಕ್ಕೆ ಕಟ್ಟಿಸಿದರು. ಈಗ ಕಾಗದ ಬದಲಿಸುವವನು ಬಾಲಪ್ಪನೇ. ಮೊದಲ ವಾರದ ಕಟ್ಟನ್ನು ಗದ್ದೆಪ್ಪ ತಂದು ಬಿಚ್ಚಿದಾಗ ಪ್ರತಿಯೊಂದು ಕಾಗದದ ಮೂಲೆಯಲ್ಲೂ ಹಳದಿ ಗುರುತಿತ್ತು. ಹಿಂದಿನದಕ್ಕಿಂತ ದೊಡ್ಡ ಹೆಬ್ಬೆರಳು.

"ಇವರೂ ಹೊಸ್ತಿಲಿಗೆ ಅರಿಷಿಣ ಹಚ್ಚತಾರೇನೋ?" ಎಂದರು ಮೇಷ್ಟ್ರು.

"ನಾನೂ ಕೇಳಿದೆ ಸರ್" ಎಂದ ಗದ್ದೆಪ್ಪ. "ಅರಿಷಿಣ ಇಲ್ಲಂದ್ರ ನಮ್ಮ ಕಣ ಯಾವುದಂತ ಗಾಳಿಗೆ ಗುರುತು ಹೆಂಗ ಹತ್ತಬೇಕೋ ಅಂದ್ರು ಮಾಮ."

ಮೇಷ್ಟ್ರು ಕಾಗದವನ್ನು ಬೆಳಕಿಗೆ ಹಿಡಿದು, ಕನ್ನಡಕ ಏರಿಸಿಕೊಂಡು, "ಮೂರು" ಎಂದರು. ಗದ್ದೆಪ್ಪ ಹಿಡಿಕೆ ಸರಿಸಿದ.